ನೆಕ್ ಕೊಂಡುಕೊಂಡೆ, ಬಾಡಿ ನಾನೇ ಮಾಡಿದೆ

ಮನೆಯಲ್ಲೇ ಒಂದು ಎಲೆಕ್ಟ್ರಿಕ್ ಗಿಟಾರ್ ಮಾಡಿದೆ. ಮೊದಲೇ ಹೇಳಿಬಿಡುತ್ತೇನೆ, ನೆಕ್, ಅಂದರೆ ಬೆರಳಿಟ್ಟು ನುಡಿಸುವ ಉದ್ದನೆಯ ಕುತ್ತಿಗೆ, ನಾನು ಮಾಡಲಿಲ್ಲ. ರೆಡಿ ನೆಕ್ ತಂದುಕೊಂಡು ಅದಕ್ಕೆ ಒಪ್ಪುವ ಬಾಡಿ ಮಾಡಿದೆ. ಮೊದಲ ಸಲ ಮಾಡುವವರು ಯಾರೇ ಕೇಳಿದರೂ ನಾನು ಹೇಳುವುದು ಇದನ್ನೇ. ಫ್ರೆಟ್ ಎಂಬ ಲೋಹದ ಅಡ್ಡಪಟ್ಟಿಗಳನ್ನು ಕೂರಿಸುವುದು, ನೆಕ್ ಬಾಗದಂತೆ ಒಳಗೆ ಟ್ರಸ್ ರಾಡ್ ಎಂಬ ಸರಳು ಹಾಕುವುದು, ನೆಕ್ಕಿನ ಬೆನ್ನು ಕೈಗೆ ಹಿತವಾಗುವಂತೆ ಕೆತ್ತುವುದು, ಇವೆಲ್ಲ ಬೇರೆಯದೇ ಕಸುಬು. ಬಾಡಿ ಹಾಗಲ್ಲ. ಅದು ಒಂದು ಗಟ್ಟಿ ಹಲಗೆ, ಅದರಲ್ಲಿ ನಾಲ್ಕೈದು ಕುಳಿ, ಒಂದಷ್ಟು ತೂತು. ಅಲುಗಾಡದ ಮೇಜು, ಡ್ರಿಲ್, ಜಿಗ್‌ಸಾ ಎಂಬ ವಿದ್ಯುತ್ ಗರಗಸ, ಮರದಲ್ಲಿ ಕುಳಿ, ಅಂಚು ಕೊರೆಯುವ ರೌಟರ್ ಯಂತ್ರ, ಕೆಲವು ಕ್ಲಾಂಪ್ ಇದ್ದರೆ ಮನೆಯಲ್ಲೇ ಆಗುತ್ತದೆ.

ಆ ಹಲಗೆಯಲ್ಲಿ ಮೂರು ಮಾತ್ರ ಆಚೀಚೆ ಆಗುವ ಹಾಗಿಲ್ಲ: ನಡುಗೆರೆ, ನೆಕ್ ಕೂರುವ ಕುಳಿ ಅಂದರೆ ಪಾಕೆಟ್, ತಂತಿಗಳನ್ನು ಬಾಡಿಯ ಮೇಲೆ ಹೊತ್ತು ನಿಲ್ಲುವ ಬ್ರಿಜ್ ಕೂರುವ ಜಾಗ. ಈ ಮೂರು ಸರಿ ಇದ್ದರೆ ಗಿಟಾರ್ ಶ್ರುತಿ ಹಿಡಿಯುತ್ತದೆ, ನುಡಿಸಲು ಬರುತ್ತದೆ. ಉಳಿದದ್ದೆಲ್ಲ ನಿಮ್ಮಿಷ್ಟ. ಬಾಡಿಯ ಕೊಂಬು ಎಷ್ಟು ಉದ್ದ ಇರಬೇಕು, ಸೊಂಟ ಎಷ್ಟು ಸಣ್ಣಗಿರಬೇಕು, ಯಾವ ಮರ, ಯಾವ ಬಣ್ಣ ಅಂತ ಯಾರನ್ನೂ ಕೇಳಬೇಕಿಲ್ಲ. ಬ್ರಯಾನ್ ಮೇ 1963ರಲ್ಲಿ ಅಪ್ಪನ ಜೊತೆ ಸೇರಿ ಮನೆಯಲ್ಲೇ ಮಾಡಲು ಶುರು ಮಾಡಿದ ಗಿಟಾರಿನ ನೆಕ್ ಹಳೆಯ ಬೆಂಕಿಗೂಡಿನ ಮರದ್ದು, ಸ್ವರ ಏರಿಳಿಸುವ ಟ್ರೆಮೊಲೊಗೆ ಹಾಕಿದ್ದು ಮೋಟರ್‌ಸೈಕಲ್ ಎಂಜಿನ್‌ನ ವಾಲ್ವ್ ಸ್ಪ್ರಿಂಗು. ಮುಂದೆ ಕ್ವೀನ್ ಬ್ಯಾಂಡಿನಲ್ಲಿ ಅವರು ನುಡಿಸುತ್ತಾ ಬಂದದ್ದು ಅದನ್ನೇ. ಸಾಮಾನು ಹೊಸದಾಗಿರಬೇಕು, ದುಬಾರಿ ಇರಬೇಕು ಅನ್ನುವುದು ಸುಮ್ನೆ ಮಾತು. ಅಳತೆ ಸರಿ ಇರಬೇಕು, ಅಷ್ಟೇ.

ಹಾಗಾಗಿ ಮರ ಮುಟ್ಟುವ ಮೊದಲು ಎಲ್ಲ ಬಿಡಿಭಾಗಗಳೂ ಕೈಯಲ್ಲಿರಲಿ. ನೆಕ್, ಬ್ರಿಜ್, ತಂತಿಯ ಕಂಪನವನ್ನು ವಿದ್ಯುತ್ ಸಂಕೇತ ಮಾಡುವ ಪಿಕಪ್, ಸದ್ದು ಹೆಚ್ಚುಕಡಿಮೆ ಮಾಡುವ ತಿರುಗುಗುಂಡಿಯ ಪಾಟ್, ಸ್ವಿಚ್, ಜ್ಯಾಕ್, ನೆಕ್ ಪ್ಲೇಟ್, ತಿರುಪು, ಎಲ್ಲ. ಅಂತರ್ಜಾಲದಲ್ಲಿ ಸಿಗುವ ನಕ್ಷೆ ನೋಡಿ ಕೊರೆಯಬಹುದು, ಆದರೆ ಒಬ್ಬರ ಹಂಬಕರ್‌ಗೂ (ಎರಡು ಸುರುಳಿಯ ಪಿಕಪ್) ಇನ್ನೊಬ್ಬರ ಹಂಬಕರ್‌ಗೂ ಕಾಲಿನ ಉದ್ದದಲ್ಲೇ ವ್ಯತ್ಯಾಸ ಇರುತ್ತದೆ. ಕೈಯಲ್ಲಿರುವ ವಸ್ತುವನ್ನು ಕ್ಯಾಲಿಪರ್‌ನಲ್ಲಿ ಅಳೆದು ನಕ್ಷೆ ತಿದ್ದಿಕೊಳ್ಳುವುದೇ ಸರಿ. ಮೊದಲ ಗಿಟಾರಿಗೆ ಚಪ್ಪಟೆ ಬ್ರಿಜ್ ಆರಿಸಿಕೊಳ್ಳಿ, ಅಂದರೆ ಫೆಂಡರ್ ಕಂಪನಿಯ ಟೆಲಿಕಾಸ್ಟರ್ ಗಿಟಾರಿನ ತರಹದ್ದು ಅಥವಾ ಅಲುಗದೆ ನಿಲ್ಲುವ ಹಾರ್ಡ್‌ಟೇಲ್. ಗಿಬ್ಸನ್ ಕಂಪನಿಯ ಲೆಸ್ ಪಾಲ್ ಗಿಟಾರಿನಲ್ಲಿರುವ ಎತ್ತರದ ಬ್ರಿಜ್ ಹಾಕಿದರೆ ನೆಕ್ಕನ್ನು ಸ್ವಲ್ಪ ಹಿಂದಕ್ಕೆ ವಾಲಿಸಿ ಕೂರಿಸಬೇಕು, ಆ ಕೋನದ ಲೆಕ್ಕ ಮೊದಲ ಸಲಕ್ಕೆ ಬೇಡ. ಲಿಯೋ ಫೆಂಡರ್ 1950ರಲ್ಲಿ ಮಾರಾಟಕ್ಕೆ ತಂದ ವಿಧಾನ ನೋಡಿ: ಚಪ್ಪಟೆ ಹಲಗೆ, ಕೋನ ಇಲ್ಲದ ಪಾಕೆಟ್, ನೆಕ್ ಬಿಗಿಯಲು ನಾಲ್ಕು ತಿರುಪು. ಮನೆಯಲ್ಲಿ ಮಾಡುವವರಿಗೆ ಅದಕ್ಕಿಂತ ಸುಲಭದ್ದು ಇನ್ನೊಂದಿಲ್ಲ ಅಂತ ನನಗನ್ನಿಸುತ್ತದೆ.

ಮರದ ಬಗ್ಗೆ ಜಗಳ ಜಾಸ್ತಿ. ಆಲ್ಡರ್, ಆ್ಯಶ್, ಮಹಾಗನಿ, ಬಾಸ್‌ವುಡ್, ಒಂದೊಂದಕ್ಕೂ ಒಂದೊಂದು ನಾದ ಅಂತ ಜನ ವಾದ ಮಾಡುತ್ತಾರೆ. ನನ್ನ ಕಿವಿಗೆ ಪಿಕಪ್, ಅದರ ಎತ್ತರ, ಬ್ರಿಜ್, ತಂತಿ, ಇವು ಮಾಡುವ ವ್ಯತ್ಯಾಸದ ಮುಂದೆ ಬಾಡಿ ಮರದ್ದು ಚಿಕ್ಕದು. ನಾನು ನೋಡುವುದು ಎರಡೇ: ಚೆನ್ನಾಗಿ ಒಣಗಿರಬೇಕು, ಹೆಗಲಿಗೆ ಭಾರ ಆಗಬಾರದು. ಹಸಿ ಮರದಲ್ಲಿ ಎಷ್ಟೇ ನಾಜೂಕಾಗಿ ಪಾಕೆಟ್ ತೆಗೆದರೂ ಒಣಗುತ್ತಾ ಸೊಟ್ಟಗಾಗುತ್ತದೆ. ತೇವಾಂಶ 8ರಿಂದ 10 ಶೇಕಡಾ ಹತ್ತಿರ ಇದ್ದರೆ ಧೈರ್ಯವಾಗಿ ಕೊರೆಯಬಹುದು. ಮರ ತಂದ ಮೇಲೂ ಕೆಲಸ ಮಾಡುವ ಕೋಣೆಯಲ್ಲೇ, ಎಲ್ಲ ಕಡೆ ಗಾಳಿ ಆಡುವಂತೆ, ಕೆಲವು ವಾರ ಬಿಟ್ಟುಬಿಡುವುದು ಒಳ್ಳೆಯದು.

ಸುಮಾರು 450 ಮಿ.ಮೀ. ಉದ್ದ, 350 ಮಿ.ಮೀ. ಅಗಲ, 45 ಮಿ.ಮೀ. ದಪ್ಪದ ತುಂಡು ಬೇಕು. ಅಷ್ಟು ಅಗಲದ ಒಂದೇ ಹಲಗೆ ಹುಡುಕಬೇಕಿಲ್ಲ, ಎರಡು ಅಥವಾ ಮೂರು ತುಂಡು ಜೋಡಿಸಿ ಅಂಟಿಸಿದರೆ ನಡೆಯುತ್ತದೆ. ಜೋಡಿಸುವ ಅಂಚುಗಳನ್ನು ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿಯಿರಿ. ನಡುವೆ ಬೆಳಕು ಕಂಡರೆ ಇನ್ನೂ ಕೀಸಬೇಕು. ಕ್ಲಾಂಪ್ ಹಾಕಿ ಬಲವಂತವಾಗಿ ಮುಚ್ಚಿದ ಸಂದು ಮುಂದೊಂದು ದಿನ ಬಿಟ್ಟುಕೊಳ್ಳುತ್ತದೆ. ತೇಗದಂಥ ಎಣ್ಣೆ ಮರವಾದರೆ ಅಂಟು ಹಚ್ಚುವ ಮುಂಚೆ ಅಂಚನ್ನು ಅಸಿಟೋನ್‌ನಿಂದ ಒರೆಸಬೇಕು. ಎರಡೇ ತುಂಡಾದರೆ ಒಂದು ಅನುಕೂಲ ಇದೆ: ಅಂಟಿನ ಸಂದೇ ನಡುಗೆರೆ ಆಗುತ್ತದೆ, ಅದು ಎಷ್ಟು ಉಜ್ಜಿದರೂ ಅಳಿಸುವುದಿಲ್ಲ.

ಇನ್ನು ಅಚ್ಚು. ಮರವನ್ನು ನೇರವಾಗಿ ಕೊರೆಯಬೇಡಿ, ಮೊದಲು ಎಂಡಿಎಫ್‌ನಲ್ಲಿ, ಅಂದರೆ ಮರದ ನಾರನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆಯಲ್ಲಿ, ಟೆಂಪ್ಲೇಟ್ ಮಾಡಿ. ಎಂಡಿಎಫ್ ಮೆತ್ತಗಿರುತ್ತದೆ, ಫೈಲ್‌ನಿಂದ, ಸ್ಯಾಂಡ್‌ಪೇಪರ್‌ನಿಂದ ತಿದ್ದುವುದು ಸುಲಭ, ಕೆಟ್ಟರೆ ಇನ್ನೊಂದು ಮಾಡಿಕೊಳ್ಳಬಹುದು. ಅಂಚಿನ ಮೇಲೆ ಕಣ್ಣು ಮುಚ್ಚಿ ಬೆರಳು ಆಡಿಸಿ ನೋಡಿ, ಕಣ್ಣಿಗೆ ಕಾಣದ ಉಬ್ಬುತಗ್ಗು ಬೆರಳಿಗೆ ಸಿಗುತ್ತದೆ. ಅಚ್ಚಿನಲ್ಲಿ ಇರುವ ಸಣ್ಣ ತಗ್ಗೂ ಮರದಲ್ಲಿ ಹಾಗೇ ಮೂಡುತ್ತದೆ, ಯಾಕೆಂದರೆ ರೌಟರ್ ಬಿಟ್‌ನ ಅಲಗಿನ ಮೇಲಿರುವ ಬೇರಿಂಗ್ ಎಂಬ ಸಣ್ಣ ಗಾಲಿ ಆ ಅಂಚನ್ನೇ ಸವರಿಕೊಂಡು ಹೋಗುವುದು. ಎಂಡಿಎಫ್ ಧೂಳು ತುಂಬಾ ನುಣ್ಣಗಿರುತ್ತದೆ, ಅಂಟಿನಲ್ಲಿ ಫಾರ್ಮಾಲ್ಡಿಹೈಡ್ ಬೇರೆ ಇರುತ್ತದೆ. ಬಟ್ಟೆ ಕಟ್ಟಿಕೊಂಡರೆ ಸಾಲದು, ಸರಿಯಾದ ಮಾಸ್ಕ್ ಹಾಕಿ. ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ ಕೂಡ.

ಹೊರಗಿನ ಆಕಾರ ಜಿಗ್‌ಸಾದಲ್ಲಿ ಕತ್ತರಿಸಿದೆ. 45 ಮಿ.ಮೀ. ದಪ್ಪದಲ್ಲಿ ಬ್ಲೇಡ್ ಬಾಗುತ್ತದೆ, ಮೇಲೆ ಗೆರೆಯ ಮೇಲೇ ಹೋಗುತ್ತಿದ್ದರೂ ಕೆಳಗೆ ಒಳಕ್ಕೆ ನುಗ್ಗಿರುತ್ತದೆ. ಅದಕ್ಕೇ ಗೆರೆಯಿಂದ 4–5 ಮಿ.ಮೀ. ಹೊರಗೇ ಕತ್ತರಿಸಿ, ಉಳಿದದ್ದನ್ನು ರೌಟರ್‌ಗೆ ಬಿಡಿ. ಕೈಯಲ್ಲಿ ಹಿಡಿಯುವ ರೌಟರನ್ನು ಹೊರ ಅಂಚಿನಲ್ಲಿ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸಾಗಿಸಬೇಕು, ಕುಳಿಯ ಒಳಗೆ ಮುಳ್ಳು ತಿರುಗುವ ದಿಕ್ಕಿನಲ್ಲೇ. ಉಲ್ಟಾ ಹೋದರೆ ಯಂತ್ರ ಕೈಯಿಂದ ಕಿತ್ತುಕೊಂಡು ಓಡುತ್ತದೆ. ಒಂದು ಸಲಕ್ಕೆ 3 ಮಿ.ಮೀ.ಗಿಂತ ಜಾಸ್ತಿ ಆಳ ಬೇಡ. ಕೊಂಬಿನ ತುದಿ ಮತ್ತು ಸೊಂಟದ ತಿರುವಿನಲ್ಲಿ ಮರದ ನಾರು ಅಡ್ಡ ಬರುತ್ತದೆ, ಅಲ್ಲಿ ರೌಟರಿನ ಸದ್ದೇ ಬದಲಾಗುತ್ತದೆ, ಗುಂಯ್ ಅನ್ನುತ್ತಿದ್ದದ್ದು ಕರಕರ ಅನ್ನತೊಡಗುತ್ತದೆ. ಆ ಸದ್ದು ಕೇಳಿದ ಕೂಡಲೇ ನಿಧಾನಿಸಿ, ಇನ್ನೂ ತೆಳುವಾಗಿ ತೆಗೆಯಿರಿ. ನಾರು ಸೀಳಿ ಚೂರು ಹಾರುವುದು ಇಂಥ ಕಡೆಯೇ.

ಬೇರಿಂಗ್ ವಿಷಯ ಹೊಸಬರಿಗೆ ಯಾರೂ ಬಿಡಿಸಿ ಹೇಳುವುದಿಲ್ಲ. ಬಿಟ್‌ನ ಅಲಗು 25 ಮಿ.ಮೀ. ಉದ್ದ ಇದ್ದು, ಅಚ್ಚು 9 ಮಿ.ಮೀ. ದಪ್ಪ ಇದ್ದರೆ, ಮೊದಲ ಸುತ್ತಿನಲ್ಲಿ ತೆಳ್ಳಗೆ ತೆಗೆಯಲು ಹೋದಾಗ ಬೇರಿಂಗ್ ಅಚ್ಚಿಗಿಂತ ಮೇಲೆಯೇ ಉಳಿಯುತ್ತದೆ. ಆಗ ಅಲಗು ಅಚ್ಚನ್ನೇ ತಿನ್ನುತ್ತದೆ. ಇದಕ್ಕೆ ಎರಡು ದಾರಿ: ಗಿಡ್ಡ ಅಲಗಿನ ಬಿಟ್ ತರುವುದು, ಇಲ್ಲವೇ ಅಚ್ಚನ್ನು ದಪ್ಪ ಮಾಡುವುದು. ನಾನು ಗಿಡ್ಡ ಬಿಟ್ ಇಟ್ಟುಕೊಂಡಿದ್ದೇನೆ. ಸಾಕಷ್ಟು ಆಳಕ್ಕೆ ಇಳಿದ ಮೇಲೆ ಅಚ್ಚು ತೆಗೆದುಬಿಡಬಹುದು, ಬೇರಿಂಗ್ ಆಗಷ್ಟೇ ಕೊರೆದ ಮರದ ಗೋಡೆಯನ್ನೇ ಹಿಡಿದು ಸಾಗುತ್ತದೆ. ಅಚ್ಚನ್ನು ಹಿಡಿಸಲು ಮಾಸ್ಕಿಂಗ್ ಟೇಪನ್ನು ಮರಕ್ಕೂ ಅಚ್ಚಿಗೂ ಅಂಟಿಸಿ, ಎರಡು ಟೇಪುಗಳ ನಡುವೆ ಸೂಪರ್ ಗ್ಲೂ ಹಾಕುತ್ತೇನೆ. ಅಲುಗಾಡುವುದಿಲ್ಲ, ಕೆಲಸ ಮುಗಿದ ಮೇಲೆ ಟೇಪ್ ಸುಲಿದರೆ ಮರ ಮೊದಲಿನಂತೆಯೇ ಇರುತ್ತದೆ.

ಈಗ ನೆಕ್ ಪಾಕೆಟ್. ನಾನು ಅತಿ ಹೆಚ್ಚು ಹೊತ್ತು ಕೊಟ್ಟದ್ದು ಇದಕ್ಕೇ, ನೀವೂ ಕೊಡಿ. ಫೆಂಡರ್ ಅಳತೆಯ ನೆಕ್ ಆದರೆ ಪಾಕೆಟ್ ಸುಮಾರು 56 ಮಿ.ಮೀ. ಅಗಲ, 76 ಮಿ.ಮೀ. ಉದ್ದ, 16 ಮಿ.ಮೀ. ಆಳ. ಆದರೆ ಈ ಸಂಖ್ಯೆಗಳನ್ನು ನಂಬಿ ಅಚ್ಚು ಮಾಡಲಿಲ್ಲ, ನೆಕ್ಕನ್ನೇ ಅಳತೆಗೋಲು ಮಾಡಿಕೊಂಡೆ. ಎಂಡಿಎಫ್ ಮೇಲೆ ಉದ್ದಕ್ಕೂ ಒಂದು ಗೆರೆ ಎಳೆದು, ನೆಕ್ಕಿನ ನಡುಗೆರೆ ಅದರ ಮೇಲೆ ಬರುವಂತೆ ಇಟ್ಟೆ. ನೆಕ್ ಹಿಮ್ಮಡಿಯ, ಅಂದರೆ ಬಾಡಿಯಲ್ಲಿ ಕೂರುವ ತುದಿಯ, ಎರಡೂ ಬದಿಗೆ ನೇರ ಅಂಚಿನ ಪಟ್ಟಿಗಳನ್ನು ಒತ್ತಿ ಅಂಟಿಸಿದೆ, ಹಿಂದೆ ಇನ್ನೊಂದು ಪಟ್ಟಿ. ನೆಕ್ ಎತ್ತಿದರೆ ನಡುವೆ ಉಳಿಯುವ ಖಾಲಿ ಜಾಗವೇ ಪಾಕೆಟ್‌ನ ಅಚ್ಚು. ನೆಕ್ಕಿನ ಬದಿಗಳು ಸ್ವಲ್ಪ ಓರೆಯಾಗಿದ್ದರೂ ಆ ಓರೆ ತಾನಾಗೇ ಬರುತ್ತದೆ, ಅಲ್ವಾ? ಮೂಲೆಗಳ ದುಂಡು ನೆಕ್ಕಿನದಕ್ಕೆ ಹೊಂದುವಷ್ಟು ವ್ಯಾಸದ ಬಿಟ್ ನೋಡಿಕೊಳ್ಳಿ. ಮೊದಲು ಉಳಿಕೆ ಮರದಲ್ಲಿ ಒಂದು ಪಾಕೆಟ್ ತೆಗೆದು ನೋಡಿ, ಆಮೇಲೆ ಬಾಡಿಗೆ ಬನ್ನಿ.

ಸರಿಯಾದ ಹಿಡಿತ ಹೇಗಿರುತ್ತದೆ ಅಂದರೆ, ನೆಕ್ಕನ್ನು ಮೇಲಿಂದ ಒತ್ತಿದಾಗ ಗಾಳಿ ಹೊರಗೆ ಹೋಗುತ್ತಾ ನಿಧಾನವಾಗಿ ಇಳಿಯುತ್ತದೆ. ತಿರುಪಿಲ್ಲದೆ ನೆಕ್ ಹಿಡಿದು ಎತ್ತಿದರೆ ಬಾಡಿಯೂ ಜೊತೆಗೆ ಮೇಲೇಳುತ್ತದೆ. ಎಣ್ಣೆ ಫಿನಿಶ್ ಆದರೆ ಇಷ್ಟು ಬಿಗಿ ಇರಲಿ. ದಪ್ಪ ಬಣ್ಣ ಹೊಡೆಯುವುದಾದರೆ ಬಣ್ಣಕ್ಕೂ ಜಾಗ ಬೇಕು, ಇಲ್ಲದಿದ್ದರೆ ನೆಕ್ ಕೂರಿಸುವಾಗ ಪಾಕೆಟ್ ಮೂಲೆಯಲ್ಲಿ ಬಣ್ಣ ಬಿರುಕು ಬಿಡುತ್ತದೆ. ಬದಿಯ ಬಿಗಿಗಿಂತ ತಳ ಮುಖ್ಯ. ತಳ ಸಮತಟ್ಟಾಗಿರಬೇಕು. ನೆಕ್ ಹಿಮ್ಮಡಿ 25 ಮಿ.ಮೀ. ದಪ್ಪ, ಪಾಕೆಟ್ 16 ಆಳ, ಹಾಗಾಗಿ ಫಿಂಗರ್‌ಬೋರ್ಡ್ ಬಾಡಿಯಿಂದ 9 ಮಿ.ಮೀ.ಯಷ್ಟು ಮೇಲೆ ನಿಲ್ಲುತ್ತದೆ. ಬ್ರಿಜ್‌ನ ಎತ್ತರಕ್ಕೆ ಇದು ಹೊಂದುತ್ತದಾ ಅಂತ ಇಲ್ಲೇ ನೋಡಿಬಿಡಿ.

ಬ್ರಿಜ್ ಜಾಗವನ್ನು ಅಚ್ಚಿನಿಂದ ಗುರುತು ಮಾಡಬೇಡಿ, ಕೂರಿಸಿದ ನೆಕ್ಕಿನಿಂದ ಅಳೆಯಿರಿ. ನಟ್‌ನಿಂದ (ನೆಕ್ಕಿನ ಮೇಲ್ತುದಿಯಲ್ಲಿ ತಂತಿ ಕೂರುವ ಕಚ್ಚುಗಳ ಪಟ್ಟಿ) 12ನೇ ಫ್ರೆಟ್‌ಗೆ ಎಷ್ಟು ದೂರವೋ ಅಲ್ಲಿಂದ ಸ್ಯಾಡಲ್‌ಗೂ (ಬ್ರಿಜ್‌ನಲ್ಲಿ ತಂತಿ ಕೂರುವ, ಸರಿಸಬಹುದಾದ ತುಂಡು) ಅಷ್ಟೇ. ಫೆಂಡರ್ ಅಳತೆ 648 ಮಿ.ಮೀ., ಅಂದರೆ 324 ಮತ್ತು 324. ಆದರೆ ತಂತಿಯನ್ನು ಫ್ರೆಟ್‌ಗೆ ಒತ್ತಿದಾಗ ಅದು ಸ್ವಲ್ಪ ಎಳೆದುಕೊಂಡು ಶ್ರುತಿ ಏರುತ್ತದೆ, ಅದನ್ನು ಸರಿದೂಗಿಸಲು ಸ್ಯಾಡಲ್‌ಗಳು ಹಿಂದಕ್ಕೆ ಹೋಗಬೇಕು, ದಪ್ಪ ತಂತಿಯದ್ದು ಜಾಸ್ತಿ. ಅದಕ್ಕೇ ಸಣ್ಣ ಇ ತಂತಿಯ ಸ್ಯಾಡಲನ್ನು ಬಹುಪಾಲು ಮುಂದಕ್ಕೆ ತಂದು, ಅದು 648ಕ್ಕೆ ಬರುವಂತೆ ಬ್ರಿಜ್ ಇಟ್ಟೆ. ಹಿಂದಕ್ಕೆ ಸರಿಸಲು ಬೇಕಾದಷ್ಟು ಜಾಗ ಉಳಿಯಿತು. ಆಮೇಲೆ ನಟ್‌ನ ಎರಡು ಕೊನೆಯ ಕಚ್ಚುಗಳಿಂದ ಬ್ರಿಜ್‌ವರೆಗೆ ಹೊಲಿಗೆ ದಾರ ಎಳೆದು ಕಟ್ಟಿದೆ. ಕೊನೆಯ ಫ್ರೆಟ್ ಹತ್ತಿರ ದಾರಕ್ಕೂ ಫಿಂಗರ್‌ಬೋರ್ಡ್ ಅಂಚಿಗೂ ಎರಡೂ ಕಡೆ ಒಂದೇ ಅಂತರ ಬರುವವರೆಗೆ ಬ್ರಿಜ್ಜನ್ನು ಬೆರಳಿನಲ್ಲಿ ತಟ್ಟಿ ತಟ್ಟಿ ಸರಿಸಿದೆ. ಹಾಗೆ ಬಂದ ಮೇಲೇ ತೂತಿನ ಗುರುತು.

ಪಿಕಪ್ ಮತ್ತು ಕಂಟ್ರೋಲ್ ಕುಳಿಗಳದ್ದು ಇಷ್ಟು ತಲೆನೋವಿಲ್ಲ. ಚಪ್ಪಟೆ ತಳದ ಅಗಲ ತೂತು ಕೊರೆಯುವ ದೊಡ್ಡ ಫೋರ್ಸ್ಟ್‌ನರ್ ಬಿಟ್‌ನಿಂದ ಮೊದಲು ಮರ ಖಾಲಿ ಮಾಡಿ, ರೌಟರ್‌ನಿಂದ ಗೋಡೆ ನೇರ ಮಾಡಿದರೆ ಆಯಿತು. ಕಂಟ್ರೋಲ್ ಕುಳಿಯ ತಳದಲ್ಲಿ 6 ಮಿ.ಮೀ. ಮರವಾದರೂ ಉಳಿಯಲಿ. ಕುಳಿಯಿಂದ ಕುಳಿಗೆ ವಿದ್ಯುತ್ ತಂತಿ ಹಾಯಲು ಉದ್ದನೆಯ ಡ್ರಿಲ್ ಬಿಟ್ ಬೇಕು. ನೆಕ್ ಪಾಕೆಟ್ ಕಡೆಯಿಂದ ಓರೆಯಾಗಿ ಇಳಿಸಿದರೆ ಪಿಕಪ್ ಕುಳಿಗಳೆಲ್ಲ ಒಂದೇ ಸಾಲಿನಲ್ಲಿ ಸಿಗುತ್ತವೆ. ಬ್ರಿಜ್ ಕೆಳಗೆ ಬರುವ ಅರ್ತ್ ತಂತಿಗೂ ಒಂದು ತೂತು ಈಗಲೇ ಕೊರೆಯಿರಿ.

ನೆಕ್ ತಿರುಪಿನ ವಿಚಾರದಲ್ಲಿ ನನಗೆ ಹಟ ಇದೆ. ಬಾಡಿಯಲ್ಲಿ ತಿರುಪು ಸಲೀಸಾಗಿ ಜಾರಬೇಕು, ಕಚ್ಚಬೇಕಾದ್ದು ನೆಕ್ಕಿನಲ್ಲಿ ಮಾತ್ರ. ಬಾಡಿಯಲ್ಲೂ ಕಚ್ಚಿದರೆ ಎರಡು ಮರಗಳೂ ಒಂದನ್ನೊಂದು ಎಳೆದುಕೊಳ್ಳುವುದಿಲ್ಲ, ನಡುವೆ ಸಂದು ಹಾಗೇ ಉಳಿಯುತ್ತದೆ, ಎಷ್ಟು ತಿರುಗಿಸಿದರೂ ಅಷ್ಟೇ. ತಿರುಪು 45 ಮಿ.ಮೀ. ಇದ್ದರೆ, ಪಾಕೆಟ್ ಕೆಳಗೆ ಉಳಿದ ಮರ 29, ಪ್ಲೇಟ್ 2 ಅಂದುಕೊಳ್ಳಿ, ನೆಕ್ಕಿನೊಳಗೆ 14 ಹೋಗುತ್ತದೆ. ಅಷ್ಟಕ್ಕೆ ಬಿಟ್ ಮೇಲೆ ಟೇಪ್ ಸುತ್ತಿ ಗುರುತು ಮಾಡಿಕೊಂಡು ಕೊರೆದೆ. ತಿರುಪಿಗೆ ಸ್ವಲ್ಪ ಮೇಣ ಸವರಿದರೆ ಗಟ್ಟಿ ಮೇಪಲ್‌ನಲ್ಲೂ ಮುರಿಯದೆ ಇಳಿಯುತ್ತದೆ.

ಉಜ್ಜುವುದು ಬೇಜಾರಿನ ಕೆಲಸ, ಆದರೆ ಫಿನಿಶ್ ಚೆನ್ನಾಗಿ ಬರುವುದು ಇಲ್ಲಿಂದಲೇ. 80 ನಂಬರಿನ ಸ್ಯಾಂಡ್‌ಪೇಪರ್‌ನಿಂದ ಶುರು ಮಾಡಿ 120, 180, 220. ಒಂದರ ಗೀರು ಪೂರ್ತಿ ಹೋಗುವವರೆಗೆ ಮುಂದಿನದಕ್ಕೆ ಹೋಗಬೇಡಿ. ಕೊನೆಗೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ನಾರು ಎದ್ದು ನಿಲ್ಲುತ್ತದೆ, ಒಣಗಿದ ಮೇಲೆ ಅದನ್ನು ಮೆಲ್ಲಗೆ ಸವರಿ ತೆಗೆಯಿರಿ. ಮಹಾಗನಿ, ಆ್ಯಶ್‌ನಂಥ ರಂಧ್ರದ ಮರಕ್ಕೆ ಫಿಲ್ಲರ್ ಬೇಕು, ಆಲ್ಡರ್‌ಗೆ ಬೇಕಿಲ್ಲ. ಮನೆಯಲ್ಲಿ ಸ್ಪ್ರೇಗೆ ಜಾಗ ಇಲ್ಲದವರಿಗೆ ಎಣ್ಣೆ ಫಿನಿಶ್ ಒಳ್ಳೆಯದು. ತೆಳ್ಳಗೆ ಹಚ್ಚಿ, ಒರೆಸಿ, ಒಣಗಿಸಿ, ಮತ್ತೆ ಹಚ್ಚುತ್ತಾ ಹೋಗುವುದು. ಒಂದು ಎಚ್ಚರಿಕೆ: ಅಗಸೆ ಎಣ್ಣೆ, ಟಂಗ್ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬುಟ್ಟಿಗೆ ಎಸೆಯಬೇಡಿ. ಒಣಗುವಾಗ ತಾನಾಗೇ ಬಿಸಿಯಾಗಿ ಬೆಂಕಿ ಹೊತ್ತಿಕೊಳ್ಳಬಹುದು. ಬಿಡಿಸಿ, ಬಯಲಲ್ಲಿ ಹರಡಿ ಒಣಗಿಸಿ.

ಆಮೇಲೆ ಕುಳಿಗಳಿಗೆ ತಾಮ್ರದ ಟೇಪ್ ಅಂಟಿಸಿ ಅರ್ತ್‌ಗೆ ಜೋಡಿಸಿದೆ, ಗುಂಯ್‌ಗುಡುವುದು ಕಡಿಮೆಯಾಗುತ್ತದೆ. ಒಂದೇ ಸುರುಳಿಯ, ಅಂದರೆ ಸಿಂಗಲ್ ಕಾಯಿಲ್ ಪಿಕಪ್‌ಗೆ 250ಕೆ (ಕಿಲೋ ಓಮ್) ಪಾಟ್, ಹಂಬಕರ್‌ಗೆ 500ಕೆ ಹಾಕುವುದು ರೂಢಿ.

ತಂತಿ ಹಾಕಿ ಶ್ರುತಿಗೆ ಏರಿಸಿದ ಮೇಲೆ ಇನ್ನೊಂದು ಕೆಲಸ ಇದೆ. ನೆಕ್ಕಿನ ನಾಲ್ಕೂ ತಿರುಪನ್ನು ಕಾಲು ಸುತ್ತು ಮಾತ್ರ ಸಡಿಲಿಸಿ. ತಂತಿಗಳ ಎಳೆತಕ್ಕೆ ನೆಕ್ ಪಾಕೆಟ್‌ನ ಹಿಂಗೋಡೆಗೆ ಒತ್ತಿಕೊಳ್ಳುತ್ತದೆ, ಕೆಲವು ಸಲ ಟಕ್ ಅಂತ ಸಣ್ಣ ಸದ್ದೂ ಕೇಳಿಸುತ್ತದೆ. ಹಾಗೇ ಹಿಡಿದು ಮತ್ತೆ ಬಿಗಿಯಿರಿ, ಶ್ರುತಿ ಮಾಡಿಕೊಳ್ಳಿ, ಆಮೇಲೆ ಸ್ಯಾಡಲ್‌ಗಳನ್ನು ಒಂದೊಂದಾಗಿ ಹೊಂದಿಸಿ. ನನ್ನದರಲ್ಲಿ ದಪ್ಪ ಇ ತಂತಿಯ ಸ್ಯಾಡಲ್ ಸಣ್ಣ ಇ ತಂತಿಯದಕ್ಕಿಂತ ಸಾಕಷ್ಟು ಹಿಂದೆ ಹೋಗಿ ನಿಂತಿತು, ಅದರ ಹಿಂದೆ ಸ್ಪ್ರಿಂಗ್ ಆಡಲು ಇನ್ನೂ ಜಾಗ ಇತ್ತು.