ಹೊಸ ಪೇಂಟಿನ ಕೆಳಗೆ ತುಕ್ಕು: ಹಳೆ ಕಾರಿನ ಗುಳ್ಳೆ ಯಾಕೆ ಬರುತ್ತದೆ, ಹೇಗೆ ಸರಿ ಮಾಡಬೇಕು

ನಮ್ಮ ಮನೆಯ 1978ರ ಪ್ರೀಮಿಯರ್ ಪದ್ಮಿನಿಗೆ ಪೂರ್ತಿ ಪೇಂಟ್ ಮಾಡಿಸಿದ್ದು ಒಂದು ಆಗಸ್ಟ್ ತಿಂಗಳಲ್ಲಿ. ಉಡುಪಿಯ ಮಳೆ, ಶೆಡ್ಡಿಗೆ ಮೂರೇ ಗೋಡೆ. ಚೌತಿಯ ಹೊತ್ತಿಗೆ ಗಾಡಿ ಮನೆಗೆ ಬಂತು. ಕ್ರೀಮ್ ಬಣ್ಣ ಫಳಫಳ ಹೊಳೆಯುತ್ತಿತ್ತು, ಅಪ್ಪ ಸುತ್ತ ಒಂದು ಸಲ ನಡೆದು ಬಂದು ಬಾನೆಟ್ ಮೇಲೆ ಕೈ ಇಟ್ಟು ಎಷ್ಟೋ ಹೊತ್ತು ನಿಂತಿದ್ದರು. ದೀಪಾವಳಿಗೆ ಗಾಡಿ ತೊಳೆಯುವಾಗ ಬಾಗಿಲ ತಳದಲ್ಲಿ ರಾಗಿ ಕಾಳಿನಂಥ ಗುಳ್ಳೆಗಳು ಬೆರಳಿಗೆ ತಾಗಿದವು. ಬಾನೆಟ್ ಮೇಲೆ ಕಿತ್ತಳೆ ಬಣ್ಣದ ಚುಕ್ಕೆಗಳು. ಬಾಗಿಲ ಕೆಳಗಿನ ಸಿಲ್ ಅಂಚಿನಲ್ಲಿ ಪೇಂಟ್ ಉಬ್ಬಿ ಸೀಳಿತ್ತು.

ಪೇಂಟ್ ಮಾಡಿದವರನ್ನು ಕೇಳಿದರೆ, "ಹಳೆ ಗಾಡಿ ಅಲ್ವಾ ಸರ್, ತುಕ್ಕು ಬಾರದೆ ಇರ್ತದಾ?" ಅಂದರು. ಈ ಮಾತನ್ನು ದಯವಿಟ್ಟು ಒಪ್ಪಿಕೊಳ್ಳಬೇಡಿ. ವಯಸ್ಸಿನಿಂದ ತುಕ್ಕು ಬರುವುದಿಲ್ಲ. ಕಬ್ಬಿಣಕ್ಕೆ ನೀರು ಮತ್ತು ಗಾಳಿ ಎರಡೂ ಸಿಕ್ಕಿದರೆ ಬರುತ್ತದೆ, ಉಪ್ಪು ಸೇರಿದರೆ ಬೇಗ ಬರುತ್ತದೆ. ಹಾಗಾಗಿ ಹೊಸ ಪೇಂಟಿನ ಮೇಲೆ ತುಕ್ಕು ಕಂಡ ಕೂಡಲೇ ಕೇಳಬೇಕಾದ್ದು ಒಂದೇ: ಇಲ್ಲಿಗೆ ನೀರು ಯಾವ ದಾರಿಯಲ್ಲಿ ಬಂತು? ಅದು ಗೊತ್ತಾಗದೆ ಮತ್ತೆ ಉಜ್ಜಿ ಪೇಂಟ್ ಹೊಡೆಸಿದರೆ ದುಡ್ಡು ಹೋಗುತ್ತದೆ, ಗುಳ್ಳೆ ಮತ್ತೆ ಬರುತ್ತದೆ.

ನಮ್ಮ ಗಾಡಿಯಲ್ಲಿ ಒಟ್ಟು ಮೂರು ತರಹದ ತುಕ್ಕು ಇತ್ತು, ಮೂರಕ್ಕೂ ಕಾರಣ ಬೇರೆ ಬೇರೆ.

ಮೊದಲು ಸುಲಭದ್ದು. ಬಾನೆಟ್ ಮೇಲಿನ ಕಿತ್ತಳೆ ಚುಕ್ಕೆಗಳು. ಉಗುರಿನಿಂದ ಸವರಿ ನೋಡಿ. ಚುಕ್ಕೆ ಪೇಂಟಿನ ಮೇಲೆ ತರಿತರಿಯಾಗಿ ಕೂತಿದ್ದರೆ, ಸುತ್ತ ಪೇಂಟ್ ಉಬ್ಬದೆ ಇದ್ದರೆ, ಅದು ನಿಮ್ಮ ಕಾರಿನ ತುಕ್ಕೇ ಅಲ್ಲ. ಹತ್ತಿರದಲ್ಲಿ ಯಾರೋ ಗ್ರೈಂಡರ್ ಹಿಡಿದು ಗೇಟೋ ಗ್ರಿಲ್ಲೋ ಕೊಯ್ದಿರುತ್ತಾರೆ. ಆ ಕಿಡಿ ಅಂದರೆ ಬಿಸಿ ಕಬ್ಬಿಣದ ಪುಡಿ. ಅದು ಇನ್ನೂ ಮೆತ್ತಗಿರುವ ಹೊಸ ಪೇಂಟಿಗೆ ಅಂಟಿ, ಮೊದಲ ಮಳೆಗೇ ತುಕ್ಕಾಗುತ್ತದೆ. ನಮ್ಮ ಗಾಡಿ ಇದ್ದ ಶೆಡ್ಡಿನ ಪಕ್ಕದಲ್ಲೇ ವೆಲ್ಡಿಂಗ್ ಅಂಗಡಿ ಇತ್ತು. ಇದಕ್ಕೆ ಎಮರಿ ಪೇಪರ್ ಹಿಡಿಯಬೇಡಿ, ಸುಮ್ನೆ ಒಳ್ಳೆ ಪೇಂಟ್ ಹಾಳಾಗುತ್ತದೆ. ಕಾರ್ ಡೀಟೇಲಿಂಗ್ ಮಾಡುವವರ ಹತ್ತಿರ ಐರನ್ ರಿಮೂವರ್ ಅನ್ನುವ ಸ್ಪ್ರೇ ಇರುತ್ತದೆ, ಕಬ್ಬಿಣದ ಕಣ ಇದ್ದಲ್ಲಿ ನೇರಳೆ ಬಣ್ಣಕ್ಕೆ ತಿರುಗುತ್ತದೆ. ನೆರಳಿನಲ್ಲಿ ಹೊಡೆದು, ಒಣಗುವ ಮೊದಲೇ ತೊಳೆದು, ಉಳಿದದ್ದನ್ನು ಸೋಪಿನ ನೀರು ಹಾಕಿಕೊಂಡು, ಜೇಡಿಮಣ್ಣಿನಂಥ ಮೆತ್ತನೆ ತುಂಡಾದ ಕ್ಲೇ ಬಾರ್‌ನಿಂದ ತೆಗೆಯಬಹುದು. ಪೇಂಟ್ ಪೂರ್ತಿ ಗಟ್ಟಿಯಾದ ಮೇಲೆ ಮಾಡಿ, ಒಂದೆರಡು ತಿಂಗಳು ಕಾದರೆ ಒಳ್ಳೆಯದು.

ಎರಡನೆಯದು ಬಾಗಿಲ ತಳದ ಗುಳ್ಳೆ. ಇದೇ ಎಲ್ಲರಿಗೂ ಜಾಸ್ತಿ ಕಾಡುವುದು.

ಒಂದು ಗುಳ್ಳೆಯನ್ನು ಸೂಜಿಯಿಂದ ಚುಚ್ಚಿ. ಮನಸ್ಸು ಬರುವುದಿಲ್ಲ, ಗೊತ್ತು, ಆದರೆ ಚುಚ್ಚಲೇಬೇಕು. ಒಳಗೆ ಒಣಗಿದ್ದು, ಪ್ರೈಮರ್ (ಬಣ್ಣದ ಕೆಳಗಿನ ಮೊದಲ ಕೋಟ್) ಚೆನ್ನಾಗಿದ್ದರೆ ಅದು ಥಿನ್ನರ್ ಆವಿ ಸಿಕ್ಕಿಕೊಂಡು ಆದ ಗುಳ್ಳೆ, ತುಕ್ಕಲ್ಲ. ನೀರಿನ ಹನಿ ಬಂದರೆ ತಗ್ಗು ತುಂಬಲು ಮೆತ್ತಿದ ಪುಟ್ಟಿಯಲ್ಲೋ ಪ್ರೈಮರಿನಲ್ಲೋ ನೀರು ಉಳಿದಿದೆ. ಕಂದು ಪುಡಿ ಬಂದರೆ ತುಕ್ಕು ತಗಡನ್ನೇ ತಿನ್ನುತ್ತಿದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಜಾಗ ಬೇಡುತ್ತದೆ, ಅದಕ್ಕೇ ಪೇಂಟನ್ನು ಎತ್ತಿ ಹಿಡಿಯುತ್ತದೆ. ಎರೆಹುಳ ಹರಿದ ಹಾಗೆ ಸಣ್ಣ ಗೆರೆಗಳು ಪೇಂಟಿನ ಕೆಳಗೆ ಓಡಿದ್ದರೆ, ಅದು ತಗಡಿನ ಮೇಲೆ ಉಪ್ಪು ಉಳಿದಿದ್ದರ ಗುರುತು, ಕರಾವಳಿಯ ಗಾಡಿಗಳಲ್ಲಿ ಇದು ಬರುತ್ತದೆ.

ನಮ್ಮ ಬಾಗಿಲಲ್ಲಿ ಬಂದದ್ದು ಮೊದಲು ನೀರು, ಆಮೇಲೆ ಕಂದು ಪುಡಿ. ಯಾಕೆ ಅಂದರೆ, ಟಿಂಕರಿಂಗ್ (ತಗಡು ತಟ್ಟಿ ಸರಿ ಮಾಡುವ ಕೆಲಸ) ಆದ ಮೇಲೆ ಬರಿ ತಗಡಿನ ಮೇಲೆ ನೇರವಾಗಿ ಪುಟ್ಟಿ ಎಳೆದು, ಅದನ್ನು ವಾಟರ್ ಪೇಪರ್ ಹಾಕಿ ನೀರು ಸುರಿಯುತ್ತಾ ಉಜ್ಜಿದ್ದರು. ನಮ್ಮ ಕಡೆ ಹೆಚ್ಚಿನ ಶೆಡ್ಡುಗಳಲ್ಲಿ ಇದೇ ರೂಢಿ. ಆದರೆ ಕಾರಿಗೆ ಹಾಕುವ ಪಾಲಿಯೆಸ್ಟರ್ ಪುಟ್ಟಿ ನೀರು ಕುಡಿಯುತ್ತದೆ. ಕುಡಿದ ನೀರು ಮಳೆಗಾಲದ ಗಾಳಿಯಲ್ಲಿ ಒಂದು ರಾತ್ರಿಗೆ ಒಣಗುವುದಿಲ್ಲ, ಮೇಲೆ ಪ್ರೈಮರು, ಬಣ್ಣ ಎಲ್ಲ ಹೊಡೆದ ಮೇಲೆ ಅದಕ್ಕೆ ಹೊರಗೆ ಹೋಗಲು ದಾರಿಯೂ ಇಲ್ಲ, ಕೆಳಗೆ ಬರಿ ತಗಡು ಕಾಯುತ್ತಾ ಕೂತಿದೆ. ಜೊತೆಗೆ ಉಜ್ಜಲು ಬಳಸಿದ್ದು ಬಾವಿ ನೀರು. ಸಮುದ್ರದ ಹತ್ತಿರದ ಕೆಲವು ಬಾವಿಗಳಲ್ಲಿ ಆ ನೀರಿಗೇ ಉಪ್ಪಿನ ರುಚಿ ಇರುತ್ತದೆ.

ಪುಟ್ಟಿ ಎಷ್ಟು ದಪ್ಪ ಇದೆ ಎಂದು ನೋಡಲು ಸಣ್ಣ ಆಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ ಹಿಡಿಯಿರಿ. ತಗಡು ಹತ್ತಿರ ಇದ್ದರೆ ಗಟ್ಟಿ ಹಿಡಿಯುತ್ತದೆ, ಪುಟ್ಟಿ ದಪ್ಪ ಇದ್ದಲ್ಲಿ ಜಾರುತ್ತದೆ. ನಮ್ಮದರಲ್ಲಿ ಒಂದು ಕಡೆ ಹಿಡಿಯಲೇ ಇಲ್ಲ. ಕೆರೆದು ನೋಡಿದರೆ ತಗಡಿನಲ್ಲಿ ಹುಣಸೆ ಬೀಜದಷ್ಟು ತೂತು, ಅದರ ಮೇಲೆ ಪುಟ್ಟಿ ಮೆತ್ತಿದ್ದರು. ತೂತಿಗೆ ಪುಟ್ಟಿ ಯಾವತ್ತೂ ಮದ್ದಲ್ಲ. ಕೊಳೆತ ತಗಡು ಕತ್ತರಿಸಿ ಹೊಸ ತುಂಡು ವೆಲ್ಡ್ ಮಾಡಲೇಬೇಕು. ಗಾಡಿಯ ಮೇಲೆ ವೆಲ್ಡಿಂಗ್ ಮಾಡುವ ಮೊದಲು ಬ್ಯಾಟರಿ ಕಳಚಿ, ಪೆಟ್ರೋಲ್ ಟ್ಯಾಂಕ್ ಹತ್ತಿರವಾದರೆ ಅದನ್ನೂ ಇಳಿಸಿ.

ಸರಿ ಮಾಡುವ ಕ್ರಮ ಹೀಗೆ. ಗುಳ್ಳೆ ಇರುವಷ್ಟೇ ಜಾಗ ಕೆರೆದರೆ ಸಾಲದು. ಸುತ್ತ ಕನಿಷ್ಠ ಎರಡು ಇಂಚು ಆಚೆವರೆಗೆ, ಪೇಂಟ್ ತಗಡನ್ನು ಗಟ್ಟಿಯಾಗಿ ಹಿಡಿದಿರುವ ಕಡೆವರೆಗೆ, 80 ನಂಬರಿನ ಪೇಪರ್ ಹಾಕಿ ಒಣಗಿದ ಹಾಗೇ ಉಜ್ಜಿ. ಮಾಸ್ಕ್ ಹಾಕಿಕೊಳ್ಳಿ, ಹಳೆ ಬಣ್ಣದ ಪುಡಿಯಲ್ಲಿ ಸೀಸ ಇರಬಹುದು, ಮಕ್ಕಳು ಹತ್ತಿರ ಬರುವುದು ಬೇಡ. ತಗಡು ಬೆಳ್ಳಗೆ ಕಂಡ ಮೇಲೆ ಟಾರ್ಚ್ ಅಡ್ಡ ಹಿಡಿದು ನೋಡಿ. ಸಣ್ಣ ಕುಳಿಗಳಲ್ಲಿ ಕಪ್ಪು ಚುಕ್ಕೆ ಉಳಿದಿರುತ್ತದೆ. ತುಕ್ಕಿನ ಬೀಜ ಇರುವುದೇ ಅಲ್ಲಿ. ಆ ಕುಳಿಗಳಿಗೆ ಚಿಕ್ಕ ಸ್ಯಾಂಡ್ ಬ್ಲಾಸ್ಟಿಂಗ್ ಗನ್ ಸಿಕ್ಕಿದರೆ ಎಲ್ಲಕ್ಕಿಂತ ಒಳ್ಳೆಯದು. ಇಲ್ಲದಿದ್ದರೆ ಫಾಸ್ಫಾರಿಕ್ ಆ್ಯಸಿಡ್ ಇರುವ ರಸ್ಟ್ ರಿಮೂವರ್ ಅನ್ನು ಕೈಗವಸು ಹಾಕಿಕೊಂಡು ಬ್ರಷ್ಷಿನಿಂದ ಹಚ್ಚಿ, ಡಬ್ಬದ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು ತೊಳೆಯಿರಿ. ತೊಳೆಯದೆ ಬಿಟ್ಟರೆ ಉಳಿದ ಆ್ಯಸಿಡ್ ಮೇಲೆ, ಮುಂದೆ ಹೊಡೆಯುವ ಎಪಾಕ್ಸಿ ಪ್ರೈಮರ್ ಸರಿಯಾಗಿ ಹಿಡಿಯುವುದಿಲ್ಲ.

ಒಂದು ಮಾತು ಒತ್ತಿ ಹೇಳಬೇಕು. ಬಾತ್‌ರೂಮ್ ತೊಳೆಯುವ ಆ್ಯಸಿಡ್ ಹಾಕಿ ತುಕ್ಕು ತೆಗೆಯುವವರಿದ್ದಾರೆ. ತಗಡು ಕ್ಷಣದಲ್ಲಿ ಬೆಳ್ಳಗಾಗುತ್ತದೆ, ನೋಡಲು ಖುಷಿಯಾಗುತ್ತದೆ. ಅದು ಹೈಡ್ರೋಕ್ಲೋರಿಕ್ ಆ್ಯಸಿಡ್. ಅದರ ಕ್ಲೋರೈಡ್ ಕುಳಿಗಳಲ್ಲಿ ಉಳಿದುಬಿಟ್ಟರೆ ನೀವೇ ಕೈಯಾರೆ ಉಪ್ಪು ಸವರಿದ ಹಾಗೆ. ಬೇಡವೇ ಬೇಡ.

ಕೊನೆಯ ತೊಳೆತಕ್ಕೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬಳಸಿ. ತೊಳೆದ ತಕ್ಷಣ ಹೀಟ್ ಗನ್ ಹಿಡಿದು ಒಣಗಿಸಿ. ಉಪ್ಪು ಹೋಗಿದೆಯಾ ಎಂದು ತಿಳಿಯಲು ನಾನು ಮಾಡುವ ಪರೀಕ್ಷೆ ಇದು: ಬರಿ ತಗಡಿನ ಮೇಲೆ ಅದೇ ಶುದ್ಧ ನೀರನ್ನು ಚಿಮುಕಿಸಿ ಸ್ವಲ್ಪ ಹೊತ್ತು ಬಿಡುತ್ತೇನೆ. ಕೆಲವೇ ನಿಮಿಷದಲ್ಲಿ ಹಳೆ ಕುಳಿ ಇದ್ದ ಕಡೆಯೇ ಕಂದು ಚುಕ್ಕೆ ಮೂಡಿದರೆ ಅಲ್ಲಿ ಇನ್ನೂ ಉಪ್ಪಿದೆ, ಮತ್ತೆ ತೊಳೆಯಬೇಕು. ನಮ್ಮ ಎಡ ಬಾಗಿಲಿಗೆ ನಾಲ್ಕು ಸಲ ತೊಳೆಯಬೇಕಾಯಿತು. ಪರೀಕ್ಷೆ ಆದ ಮೇಲೆ ಒಣಗಿಸಿ, ಇನ್ನೊಂದು ಸಲ ಹಗುರವಾಗಿ ಉಜ್ಜಿ, ಗ್ರೀಸ್ ರಿಮೂವರ್ ಹಾಕಿ ಒರೆಸಿ. ಇಲ್ಲಿಂದ ಮುಂದೆ ಬರಿಗೈಯಲ್ಲಿ ಮುಟ್ಟಬೇಡಿ. ಬೆವರಿನಲ್ಲೂ ಉಪ್ಪಿದೆ, ಬೆರಳಿನ ಗುರುತಿನ ಆಕಾರದಲ್ಲೇ ತುಕ್ಕು ಮೂಡಿದ್ದನ್ನು ನಾನು ನೋಡಿದ್ದೇನೆ.

ಅದೇ ದಿನ, ಆದರೆ ಒಂದೆರಡು ಗಂಟೆಯೊಳಗೇ, ಎರಡು ಕೋಟ್ ಎಪಾಕ್ಸಿ ಪ್ರೈಮರ್ ಹೊಡೆಸಿ. ಹಾರ್ಡನರ್ ಬೆರೆಸುವ ಎರಡು ಡಬ್ಬದ ಪ್ರೈಮರ್ ಅದು. ಗೇಟಿಗೆ ಹೊಡೆಯುವ ರೆಡ್ ಆಕ್ಸೈಡ್ ಇಲ್ಲಿಗೆ ಆಗುವುದಿಲ್ಲ, ಮೇಲಿನ ಬಣ್ಣದ ಥಿನ್ನರ್ ತಾಗಿದರೆ ಸುಕ್ಕು ಬರಬಹುದು. ಪುಟ್ಟಿ ಬೇಕಾದರೆ ಎಪಾಕ್ಸಿಯ ಮೇಲೆ, ತೆಳ್ಳಗೆ, ಮತ್ತು ಒಣ ಪೇಪರಿನಲ್ಲೇ ಉಜ್ಜಬೇಕು. ಆಮೇಲೆ ಸರ್ಫೇಸರ್, ಅಂದರೆ ಬಣ್ಣಕ್ಕೆ ಮುಂಚೆ ಮೇಲ್ಮೈ ನುಣುಪು ಮಾಡುವ ಕೋಟ್. ನೀರು ಹಾಕಿ ಉಜ್ಜಬೇಕಿದ್ದರೆ ಸರ್ಫೇಸರ್ ಮೇಲೆ ಮಾತ್ರ, ತಗಡು ಕಾಣುವಷ್ಟು ಉಜ್ಜಿ ಹೋದರೆ ಆ ಜಾಗಕ್ಕೆ ಮತ್ತೆ ಎಪಾಕ್ಸಿ. ಬೂದು ಸರ್ಫೇಸರ್ ಹೊಡೆದು ಗಾಡಿಯನ್ನು ವಾರಗಟ್ಟಲೆ ಹೊರಗೆ ನಿಲ್ಲಿಸುವುದನ್ನು ಎಲ್ಲ ಕಡೆ ನೋಡುತ್ತೇವೆ. ಅದು ನೀರು ತಡೆಯುವ ಪದರ ಅಲ್ಲ, ಸ್ಪಂಜಿನ ಹಾಗೆ ಒಳಗೆ ಬಿಟ್ಟುಕೊಳ್ಳುತ್ತದೆ.

ಹವೆ ಬಗ್ಗೆಯೂ ಹೇಳಬೇಕು. ತಗಡಿನ ಬಿಸಿ, ಇಬ್ಬನಿ ಕಟ್ಟುವ ಉಷ್ಣಾಂಶಕ್ಕಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು. ಗಾಳಿ 28 ಡಿಗ್ರಿ, ತೇವಾಂಶ 80 ಶೇಕಡಾ ಇದ್ದರೆ ಇಬ್ಬನಿ ಸುಮಾರು 24 ಡಿಗ್ರಿಯಲ್ಲಿ ಕಟ್ಟುತ್ತದೆ, ಅಂದರೆ ತಗಡು 27ಕ್ಕಿಂತ ಬಿಸಿ ಇರಬೇಕು. ಜುಲೈನ ಬೆಳಿಗ್ಗೆ ಶೆಡ್ಡಿನ ತಗಡು ಅಷ್ಟು ಬಿಸಿ ಇರುವುದಿಲ್ಲ. ಕಣ್ಣಿಗೆ ಕಾಣದ ನೀರಿನ ಪದರದ ಮೇಲೆಯೇ ಪ್ರೈಮರ್ ಕೂರುತ್ತದೆ. ನಮ್ಮ ಕರಾವಳಿಯಲ್ಲಿ ಈ ಕೆಲಸಕ್ಕೆ ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆ ಕಾಲ, ಹಬ್ಬಕ್ಕೆ ಗಾಡಿ ಬೇಕು ಎಂದು ಮಳೆಯಲ್ಲಿ ಅವಸರ ಮಾಡಬೇಡಿ. ಕಂಪ್ರೆಸರ್ ಟ್ಯಾಂಕಿನ ನೀರು ಬೆಳಿಗ್ಗೆ ಬಿಟ್ಟಿದ್ದಾರಾ, ಪೈಪಿಗೆ ವಾಟರ್ ಸೆಪರೇಟರ್ ಇದೆಯಾ ನೋಡಿ. ಗನ್ನಿಗೆ ಬಣ್ಣ ಹಾಕುವ ಮೊದಲು ಬರಿ ಗಾಳಿಯನ್ನು ಒಂದು ಗಾಜಿನ ತುಂಡಿನ ಮೇಲೆ ಒಂದು ನಿಮಿಷ ಹಿಡಿಯಲು ಹೇಳಿ. ಗಾಜು ಮಂಜಾದರೆ ಕೆಲಸ ನಿಲ್ಲಿಸಿ. ಹಾರ್ಡನರ್ ಇರುವ ಬಣ್ಣ ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು, ಪೇಂಟ್ ಮಾಡುವ ಅಣ್ಣನಿಗೆ ಕರ್ಚೀಫ್ ಕಟ್ಟಿಕೊಂಡು ಹೊಡೆಯಲು ಬಿಡಬೇಡಿ, ಸರಿಯಾದ ಕಾರ್ಟ್ರಿಡ್ಜ್ ಮಾಸ್ಕ್ ನೀವೇ ತಂದುಕೊಡಿ.

ಮೂರನೆಯದು ಸಿಲ್. ಇಲ್ಲಿ ಹೊರಗಿನ ಕೆಲಸ ಎಷ್ಟು ಚೆನ್ನಾಗಿದ್ದರೂ ಪ್ರಯೋಜನ ಇಲ್ಲ, ಯಾಕೆಂದರೆ ತುಕ್ಕು ಬರುವುದು ಒಳಗಿನಿಂದ. ಪದ್ಮಿನಿಯ ಮೂಲ ಫಿಯೆಟ್ 1100. ಅದಕ್ಕೆ ಬೇರೆ ಚಾಸಿ (ಭಾರ ಹೊರುವ ಚೌಕಟ್ಟು) ಇಲ್ಲ, ಬಾಡಿಯೇ ಚಾಸಿ. ಹಾಗಾಗಿ ಬಾಗಿಲ ಕೆಳಗಿನ ಈ ಪೊಳ್ಳು ಪೆಟ್ಟಿಗೆ ಕೊಳೆತರೆ ಅಂದ ಹೋಗುವುದಷ್ಟೇ ಅಲ್ಲ, ಗಾಡಿಯ ಬಲವೇ ಹೋಗುತ್ತದೆ. ಮೊಬೈಲಿಗೆ ಸಿಗಿಸುವ ಉದ್ದ ವಯರಿನ ಕ್ಯಾಮೆರಾ ತಂದು ಒಳಗೆ ಬಿಟ್ಟು ನೋಡಿದೆ. ಒದ್ದೆ ಮಣ್ಣು, ಕಂದು ಹಪ್ಪಳ. ತಳದಲ್ಲಿ ನೀರು ಹೋಗುವ ತೂತುಗಳು ಇರುತ್ತವೆ, ಪೇಂಟ್ ಮಾಡುವಾಗ ಗಾಡಿಯ ಅಡಿಗೆ ಅಂಡರ್‌ಕೋಟ್ ಹೊಡೆದು ಅವನ್ನೆಲ್ಲ ಮುಚ್ಚಿಬಿಟ್ಟಿದ್ದರು. ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಲು ತಮ್ಮನನ್ನು ಟಾರ್ಚ್ ಕೊಟ್ಟು ಒಳಗೆ ಕೂರಿಸಿ, ಹೊರಗಿನಿಂದ ಪೈಪ್ ಹಿಡಿದು ಕೆಳಗಿನಿಂದ ಮೇಲಕ್ಕೆ ಒಂದೊಂದೇ ಜಾಗಕ್ಕೆ ನೀರು ಬಿಟ್ಟೆ. ಮುಂದಿನ ಗಾಜಿನ ರಬ್ಬರಿನ ಮೂಲೆಯಿಂದ ಒಸರಿ, ಡ್ಯಾಶ್‌ಬೋರ್ಡ್ ಹಿಂದೆ ಇಳಿದು, ಮ್ಯಾಟ್ ಕೆಳಗೆ ಹರಿದು ಸಿಲ್ ಸೇರುತ್ತಿತ್ತು. ಗಾಜಿನ ಮೂಲೆಯಲ್ಲಿ ಬಂದ ನೀರು ನಾಲ್ಕು ಅಡಿ ದೂರದಲ್ಲಿ ಗುಳ್ಳೆಯಾಗಿತ್ತು.

ಮೊದಲು ರಬ್ಬರ್ ಬದಲಿಸಿ. ತೂತುಗಳನ್ನು ಗಟ್ಟಿ ತಂತಿಯಿಂದ ಬಿಡಿಸಿ. ಕೊಳೆತ ಭಾಗ ಕತ್ತರಿಸಿ ಹೊಸ ತಗಡು ಹಾಕುವಾಗ, ಎರಡು ತಗಡು ಒಂದರ ಮೇಲೊಂದು ಬರುವ ಕಡೆ ಜಿಂಕ್ ಇರುವ ವೆಲ್ಡ್ ಥ್ರೂ ಪ್ರೈಮರ್ ಹಚ್ಚಲು ಹೇಳಿ. ವೆಲ್ಡಿಂಗ್ ಬಿಸಿಗೆ ಹಿಂಬದಿಯ ಬಣ್ಣ ಸುಟ್ಟುಹೋಗಿರುತ್ತದೆ, ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಅದಕ್ಕೇ ಪೇಂಟ್ ಎಲ್ಲ ಮುಗಿದು ಒಣಗಿದ ಮೇಲೆ ಉದ್ದ ನಳಿಗೆಯ ಕ್ಯಾವಿಟಿ ವ್ಯಾಕ್ಸ್ (ಪೊಳ್ಳು ಜಾಗಕ್ಕೆ ಹೊಡೆಯುವ ಮೇಣ) ಸ್ಪ್ರೇಯನ್ನು ಸಿಲ್ ಒಳಗೆ, ಬಾಗಿಲ ಒಳಗೆ, ಹೆಡ್‌ಲೈಟ್ ಹಿಂದೆ ಧಾರಾಳವಾಗಿ ಹೊಡೆಯಿರಿ, ಆಮೇಲೆ ತೂತುಗಳಿಗೆ ಮತ್ತೆ ತಂತಿ ಹಾಕಿ ನೋಡಿ. ಮಳೆಗಾಲಕ್ಕೆ ಮುಂಚೆ ಗಾಡಿಯ ಅಡಿಗೆ ಹಳೆ ಇಂಜಿನ್ ಆಯಿಲ್ ಹೊಡೆಸುವ ಪದ್ಧತಿ ನಮ್ಮಲ್ಲಿದೆ. ನನಗೆ ಅದು ಒಪ್ಪಿಗೆ ಇಲ್ಲ. ರಬ್ಬರ್ ಬುಶ್‌ಗಳು ಊದಿಕೊಳ್ಳುತ್ತವೆ, ತೊಟ್ಟಿಕ್ಕಿದ್ದೆಲ್ಲ ಅಂಗಳದ ಮಣ್ಣಿಗೆ, ಬಾವಿಗೆ.

ಬೀಡಿಂಗ್ (ಬಾಡಿಯ ಮೇಲಿನ ಅಲಂಕಾರದ ಪಟ್ಟಿ) ಕೂರಿಸುವ ದಿನ ನೀವೇ ಹತ್ತಿರ ಇರಿ. ಕ್ಲಿಪ್ ಒತ್ತುವಾಗ ತೂತಿನ ಅಂಚಿನ ಹೊಸ ಬಣ್ಣ ಕೀಳುತ್ತದೆ. ಪ್ರತಿ ತೂತಿಗೂ ಬ್ರಷ್ಷಿನಿಂದ ಸ್ವಲ್ಪ ಎಪಾಕ್ಸಿ ಮುಟ್ಟಿಸಿ ಒಣಗಿಸಿ, ಕ್ಲಿಪ್ಪಿಗೆ ವ್ಯಾಕ್ಸ್ ಹಚ್ಚಿ ಹಾಕಿದರೆ ಸಾಕು.

ಇನ್ನು ಗಾಡಿ ಕೊಡುವ ಮೊದಲೇ ಪೇಂಟ್ ಮೇಸ್ತ್ರಿ ಹತ್ತಿರ ಮಾತಾಡಿಕೊಳ್ಳಿ. ತಗಡು ಬೆಳ್ಳಗಾದಾಗ ಕರೆಯಿರಿ, ಫೋಟೋ ತೆಗೆಯಬೇಕು ಎಂದು ಹೇಳಿ. ಎಪಾಕ್ಸಿ, ಒಣ ಉಜ್ಜಾಟ, ಎರಡಕ್ಕೂ ಅವರ ಸಮಯ ಜಾಸ್ತಿ ಹಿಡಿಯುತ್ತದೆ, ಆ ಕೂಲಿ ಸೇರಿಸಿಯೇ ದರ ಒಪ್ಪಿಕೊಳ್ಳಿ. ಎರಡನೇ ಸಲ ನಾವು ಹೋದ ಶೆಡ್ಡಿನವರು ಇದನ್ನೆಲ್ಲ ಕೇಳಿ ಬೇಸರ ಮಾಡಲಿಲ್ಲ, "ಟೈಮ್ ಕೊಟ್ಟರೆ ಮಾಡಿ ಕೊಡ್ತೇವೆ" ಅಂದರು, ಹಾಗೇ ಮಾಡಿಯೂ ಕೊಟ್ಟರು.

ಮನೆಗೆ ತಂದ ಮೇಲೆ ಒದ್ದೆ ಗಾಡಿಗೆ ಪ್ಲಾಸ್ಟಿಕ್ ಕವರ್ ಹೊದಿಸಬೇಡಿ, ಗಾಳಿ ಆಡಲಿ. ಮೇ ಕೊನೆಗೆ ಮತ್ತು ಅಕ್ಟೋಬರಿನಲ್ಲಿ ಎರಡು ಸಲ ಮ್ಯಾಟ್ ಎತ್ತಿ ಕೈಯಿಂದ ತಡವಿ ನೋಡಿ, ತಳದ ತೂತುಗಳಿಗೆ ತಂತಿ ಹಾಕಿ. ನಮ್ಮ ಬಾಗಿಲುಗಳು ಎರಡು ಮಳೆಗಾಲ ಕಳೆದರೂ ನುಣುಪಾಗಿವೆ, ಸಿಲ್ ಒಳಗೆ ವ್ಯಾಕ್ಸ್ ಹಾಗೇ ಇದೆ. ಹಿಂದಿನ ಬಲ ಚಕ್ರದ ಮೇಲಿನ ಮಡಿಕೆಯಲ್ಲಿ ಮಾತ್ರ ಕಳೆದ ವಾರ ಒಂದು ಗುಳ್ಳೆ ಕಂಡಿದೆ. ಆ ಭಾಗವನ್ನು ನಾವು ಆಗ ಬಿಚ್ಚಿರಲಿಲ್ಲ. ಸುತ್ತ ಪೆನ್ಸಿಲ್ಲಿನಿಂದ ಗೆರೆ ಎಳೆದು ದಿನಾಂಕ ಬರೆದಿಟ್ಟಿದ್ದೇನೆ. ಡಿಸೆಂಬರಿಗೆ ಅದನ್ನು ಚುಚ್ಚಬೇಕು.