ಸೀಸದ ಧೂಳು: ಗೋಡೆಯನ್ನು ಬಿಟ್ಟು ನೆಲವನ್ನು ಅಳೆದ ನನ್ನ ಅನುಭವ

ಗೋಡೆಯ ಬಣ್ಣದ ಮೇಲೆ, ಅದರಲ್ಲಿನ ಸೀಸವನ್ನು ಕ್ಷ-ಕಿರಣದಿಂದ ಅಳೆಯುವ ಎಕ್ಸ್‌ಆರ್‌ಎಫ್ ಯಂತ್ರ ಹಿಡಿದರೆ ಸಾಕು, ಧೂಳನ್ನು ಒರೆಸಿ ಪ್ರಯೋಗಾಲಯಕ್ಕೆ ಕಳುಹಿಸುವುದು ದುಡ್ಡು ದಂಡ ಎಂದು ಮನೆಗಳಲ್ಲಿ ಸೀಸ ಪರೀಕ್ಷಿಸುವ ಈ ಕೆಲಸದಲ್ಲಿ ನನಗಿಂತ ಹಿರಿಯರು ಹೇಳುತ್ತಿದ್ದರು. ಆದರೆ ಅಂಬೆಗಾಲಿಡುವ ಮಗು ಬಾಯಿಗಿಟ್ಟುಕೊಳ್ಳುವುದು ನೆಲ ಮುಟ್ಟಿದ ಕೈಯನ್ನು. ಬಣ್ಣ ಎಲ್ಲಿಯೂ ಏಳದಿದ್ದ ಒಂದು ಹಳೆಯ ಮನೆಯಲ್ಲಿ, ಜಾರುಕಿಟಕಿಯ ಹಲಗೆಯ ಮೇಲೆ ಚದರ ಅಡಿಗೆ ಸುಮಾರು 300 ಮೈಕ್ರೋಗ್ರಾಂ, ಅದರ ಕೆಳಗಿನ ನೆಲದಲ್ಲಿ 20ರ ಆಸುಪಾಸು ಸೀಸ ಸಿಕ್ಕಾಗ ಆ ಹಿರಿಯರೂ ಸುಮ್ಮನಾದರು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು 2001ರಲ್ಲಿ ನೆಲಕ್ಕೆ 40, ಕಿಟಕಿ ಹಲಗೆಗೆ 250 ಎಂದಿಟ್ಟಿದ್ದ ಮಿತಿಯನ್ನು 2019ರಲ್ಲಿ 10 ಮತ್ತು 100ಕ್ಕೆ ಇಳಿಸಿತು. ಹಳೆಯ ಲೆಕ್ಕದಲ್ಲಿ ಆ ನೆಲ ಪಾಸಾಗಿಬಿಡುತ್ತಿತ್ತು.

ಖರ್ಚು ಉಳಿಸುವ ದಾರಿಗಳೆಲ್ಲ ಒಂದೊಂದಾಗಿ ಕೈಕೊಟ್ಟವು. ಧೂಳು ಒರೆಸಿ ತೆಗೆಯುವ ಒದ್ದೆ ಹಾಳೆಗಳಾದ ವೈಪ್‌ಗಳಲ್ಲಿ ಅಗ್ಗದ ದಪ್ಪನೆಯವು ಪ್ರಯೋಗಾಲಯದ ಆಮ್ಲದಲ್ಲಿ ಪೂರ್ತಿ ಕರಗದೆ ಆ ಸಲ ಕಳುಹಿಸಿದ ಎಲ್ಲ ಮಾದರಿಗಳ ಶುಲ್ಕ ನೀರುಪಾಲಾಯಿತು. ನಾಲ್ಕು ಕೋಣೆಗಳ ವೈಪ್‌ಗಳನ್ನು ಒಂದೇ ಮಾದರಿಯಾಗಿ ಕಳುಹಿಸಿದರೆ ಶುಲ್ಕವೇನೋ ಕಾಲುಭಾಗಕ್ಕಿಳಿಯುತ್ತದೆ, ಆದರೆ ಮೂರು ಶುದ್ಧ ಕೋಣೆಗಳ ಮರೆಯಲ್ಲಿ ನಾಲ್ಕನೆಯದರ ಸೀಸ ಅಡಗಿ ಕೂರುತ್ತದೆ. ಸೀಸ ತಗುಲಿದರೆ ಬಣ್ಣ ಬದಲಿಸುವ ಪರೀಕ್ಷಾ ಕಡ್ಡಿಗಳು ಗೋಡೆಯ ಬಣ್ಣಕ್ಕೆ ಸರಿ, ತೆಳುವಾದ ಧೂಳಿಗೆ ಅವು ಮೂಕ. ಏನನ್ನೂ ಒರೆಸದೆ ಕಳುಹಿಸುವ ಖಾಲಿ ವೈಪ್‌ನ ಹಣವನ್ನು ಮಾತ್ರ ಯಾರೂ ಉಳಿಸಲು ಹೋಗಬಾರದು. ಅದರಲ್ಲಿಯೇ ಸೀಸ ಕಂಡುಬಂದರೆ ಉಳಿದ ಯಾವ ಅಂಕಿಯನ್ನೂ ನಂಬಲಾಗದು.

ಒರೆಸುವ ಜಾಗದ ಅಳತೆಗೆಂದು ನೆಲದ ಮೇಲಿಡುವ ಚೌಕಟ್ಟಿನೊಳಗೆ ಎಸ್ ಆಕಾರದಲ್ಲಿ ಒರೆಸಿ, ಮಡಚಿ, ಅಡ್ಡಲಾಗಿ ಮತ್ತೊಮ್ಮೆ ಒರೆಸುವುದು ಎಲ್ಲರಿಗೂ ಗೊತ್ತಿದೆ. ಚೌಕಟ್ಟನ್ನು ಎಲ್ಲಿ ಇಡಬೇಕೆಂಬುದರಲ್ಲಿಯೇ ಕೈಚಳಕವಿರುವುದು. ಮಗು ಎಲ್ಲಿ ಆಡುತ್ತದೆಂದು ಮನೆಯವರನ್ನು ಕೇಳಿದರೆ ಆಟಿಕೆಗಳ ಬುಟ್ಟಿ ಇರುವ ಜಾಗ ತೋರಿಸುತ್ತಾರೆ, ಮಗು ಇರುವುದು ಬೇರೆಲ್ಲೋ. ಅದನ್ನು ಪತ್ತೆ ಹಚ್ಚುವ ನನ್ನ ಉಪಾಯ ಸದ್ಯಕ್ಕೆ ನನ್ನಲ್ಲಿಯೇ ಇರಲಿ.

ನಡುವೆ ಕುತೂಹಲಕ್ಕೆಂದು ಮೊದಲು ಹೇಳಿದ ಆ ಹಳೆಯ ಮನೆಯ ಎರಡು ಕಿಟಕಿಗಳನ್ನು ಒದ್ದೆ ಬಟ್ಟೆಯಿಂದ ಚೆನ್ನಾಗಿ ಒರೆಸಿಸಿ, ಒಂದನ್ನು ಮುಚ್ಚಿಯೇ ಇಡಿಸಿ, ಇನ್ನೊಂದನ್ನು ಎಂದಿನಂತೆ ಮೇಲೆ ಕೆಳಗೆ ಜಾರಿಸಲು ಹೇಳಿದ್ದೆ. ಕೆಲವು ವಾರಗಳ ನಂತರ ಮುಚ್ಚಿದ್ದರ ಹಲಗೆಯಲ್ಲಿ ಹೆಚ್ಚೇನೂ ಇರಲಿಲ್ಲ, ಜಾರಿಸಿದ್ದರಲ್ಲಿ ಮತ್ತೆ 100 ದಾಟಿತ್ತು. ಆ ಕಿಟಕಿಯ ಚೌಕಟ್ಟಿನ ಅಂಚಿನಲ್ಲಿ ಬಣ್ಣ ಉಜ್ಜಿ ಉದುರಿದ ಬಿಳಿಯ ಹಿಟ್ಟು ಬರಿಗಣ್ಣಿಗೇ ಕಾಣುತ್ತಿತ್ತು.

ಇಡೀ ಮನೆಯ ಬಣ್ಣ ಕೆರೆಸಲು ಹೊರಟಿದ್ದ ಆ ಕುಟುಂಬವು ಕಿಟಕಿಗಳನ್ನಷ್ಟೇ ಬದಲಿಸಿ, ನೆಲವನ್ನು ಒದ್ದೆಯಾಗಿಯೇ ಒರೆಸತೊಡಗಿತು. ಖರ್ಚು ಮೊದಲಿನ ಅಂದಾಜಿನ ಮೂರನೇ ಒಂದು ಭಾಗವೂ ಆಗಲಿಲ್ಲ. ಮರುಪರೀಕ್ಷೆಯಲ್ಲಿ ನೆಲದ ಅಂಕಿ 5ಕ್ಕಿಂತ ಕೆಳಗೆ ಬಂತು.