ಆನೆಗೊಂದಿಯ ಬಂಡೆಯಿಂದ ಸಂಡೂರಿನ ಅದಿರುಕಲ್ಲಿನವರೆಗೆ: ಶಿಲೆಗಳನ್ನು ನಾನು ವಿಂಗಡಿಸಿದ ಬಗೆ

ಗಂಗಾವತಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ನಾನು, ಶಿಲೆಗಳ ಪಾಠಕ್ಕಾಗಿ ಸಿದ್ಧ ಮಾದರಿಗಳ ಪೆಟ್ಟಿಗೆಯನ್ನು ತರಿಸದೆ, ನಮ್ಮ ಸುತ್ತಲಿನ ಕಲ್ಲುಗಳನ್ನೇ ಕೂಡಿಸಿ ವಿಂಗಡಿಸಿದೆ. ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಮಸೂರ, ಉಕ್ಕಿನ ಚಾಕು, ನೀರು ಬೆರೆಸಿ ತೆಳುವಾಗಿಸಿದ ಹೈಡ್ರೋಕ್ಲೋರಿಕ್ ಆಮ್ಲ, ಮೆರುಗಿಲ್ಲದ ಟೈಲ್ಸಿನ ಚೂರು, ಇಷ್ಟೇ ನನ್ನ ಸಾಧನಗಳು. ಕಲ್ಲಿನ ಬಣ್ಣವನ್ನು ಕೊನೆಯಲ್ಲಿ ನೋಡಬೇಕೆಂಬುದು ನಾನೇ ಹಾಕಿಕೊಂಡ ನಿಯಮ. ಹರಳುಗಳು ಒಂದರೊಳಗೊಂದು ಹೆಣೆದುಕೊಂಡಿವೆಯೇ, ಇಲ್ಲವೇ ಬಿಡಿ ಕಣಗಳು ಯಾವುದೋ ಬೆಸುಗೆಯಿಂದ ಹಿಡಿದುಕೊಂಡಿವೆಯೇ ಎಂಬುದೇ ಮೊದಲ ಪ್ರಶ್ನೆ.

ಆನೆಗೊಂದಿ ಕಡೆಯ ಬೆಟ್ಟಗಳ ಗ್ರಾನೈಟ್ ಈ ಪ್ರಶ್ನೆಗೆ ಸ್ಪಷ್ಟ ಉತ್ತರ ಕೊಡುತ್ತದೆ: ಹರಳುಗಳು ಹೆಣೆದುಕೊಂಡಿವೆ. ಹೊಸದಾಗಿ ಒಡೆದ ಮುಖವನ್ನು ಮಸೂರದಲ್ಲಿ ನೋಡಿದರೆ ಗಾಜಿನಂಥ ಬೂದು ಕ್ವಾರ್ಟ್ಸ್, ನಸುಗೆಂಪು ಅಥವಾ ಬಿಳಿಯ ಫೆಲ್ಡ್‌ಸ್ಪಾರ್, ನಡುನಡುವೆ ಕಪ್ಪು ಅಭ್ರಕ ಕಾಣುತ್ತವೆ. ಫೆಲ್ಡ್‌ಸ್ಪಾರ್ ಚಪ್ಪಟೆ ಮುಖಗಳಲ್ಲಿ ಒಡೆದು ಬೆಳಕಿಗೆ ಹೊಳೆಯುತ್ತದೆ. ಕ್ವಾರ್ಟ್ಸ್ ಹಾಗೆ ಒಡೆಯುವುದಿಲ್ಲ. ಹರಳುಗಳು ಬರಿಗಣ್ಣಿಗೆ ಕಾಣುವಷ್ಟು ದೊಡ್ಡದಾಗಿ ಬೆಳೆಯಬೇಕಾದರೆ ಶಿಲಾಪಾಕವು, ಅಂದರೆ ಕರಗಿದ ಶಿಲೆಯ ರಸವು, ಭೂಮಿಯ ಆಳದಲ್ಲಿ ಬಹುಕಾಲ ನಿಧಾನವಾಗಿ ತಣಿದಿರಬೇಕು. ಸುಮಾರು 250 ಕೋಟಿ ವರ್ಷಗಳ ಹಿಂದೆ ಆಳದಲ್ಲಿ ಗಟ್ಟಿಯಾದ ಈ ಶಿಲೆ ಇಂದು ನಮ್ಮ ಕಣ್ಣೆದುರಿಗೆ ಇದೆಯೆಂದರೆ, ಅದರ ಮೇಲಿದ್ದ ಹೊದಿಕೆಯೆಲ್ಲ ಸವೆದುಹೋಗಿದೆ ಎಂದೇ ಅರ್ಥ.

ಎರಡನೆಯ ಮಾದರಿ ಕರಿಕಲ್ಲು. ಕಲ್ಲಿನ ವ್ಯಾಪಾರದಲ್ಲಿ ಇದನ್ನು ಬ್ಲ್ಯಾಕ್ ಗ್ರಾನೈಟ್ ಎಂದು ಮಾರುತ್ತಾರೆ, ಆದರೆ ಇದರ ಬಹುಪಾಲು ಡಾಲರೈಟ್ ಅಥವಾ ಅದರ ಹತ್ತಿರದ ಬಂಧುಗಳು. ಗ್ರಾನೈಟಿನಲ್ಲಿ ಸಿಲಿಕಾ (ಸಿಲಿಕಾನ್ ಮತ್ತು ಆಮ್ಲಜನಕದ ಸಂಯುಕ್ತ) ಶೇ. 70ರ ಆಸುಪಾಸಿನಲ್ಲಿದ್ದರೆ ಇದರಲ್ಲಿ ಶೇ. 50ರಷ್ಟು ಇರುತ್ತದೆ, ಕಬ್ಬಿಣ ಮತ್ತು ಮೆಗ್ನೀಸಿಯಂ ಹೆಚ್ಚು, ಆದ್ದರಿಂದಲೇ ಕಪ್ಪು, ಕೈಗೂ ಭಾರ. ಈಗಾಗಲೇ ಗಟ್ಟಿಯಾಗಿದ್ದ ಶಿಲೆಯ ಬಿರುಕುಗಳಿಗೆ ಶಿಲಾಪಾಕ ನುಗ್ಗಿ ಹೆಪ್ಪುಗಟ್ಟಿ ಡಾಲರೈಟಿನ ಗೋಡೆಗಳಾಗಿವೆ. ಅಂಥ ಒಂದು ಗೋಡೆಯ ಅಂಚಿನಿಂದ ನಡುವಿನವರೆಗೆ ಚೂರುಗಳನ್ನು ಸಾಲಾಗಿ ಜೋಡಿಸಿ ಮಕ್ಕಳಿಗೆ ಮಸೂರ ಕೊಟ್ಟೆ: ತಣ್ಣನೆಯ ಶಿಲೆಗೆ ತಾಗಿ ಬೇಗ ಆರಿದ ಅಂಚಿನಲ್ಲಿ ಕಣ ತೀರ ನಯ, ನಡುವೆ ಬಂದಂತೆ ದಪ್ಪ. ತಣಿಯುವ ವೇಗಕ್ಕೂ ಹರಳಿನ ಗಾತ್ರಕ್ಕೂ ಇರುವ ಸಂಬಂಧವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಪಾಠ ನನಗೆ ಬೇರೆ ಸಿಕ್ಕಿಲ್ಲ. ಇದೇ ರಸ ನೆಲದ ಮೇಲೆ ಲಾವಾ ಆಗಿ ಹರಿದು ಆರಿದ್ದರೆ ಬಸಾಲ್ಟ್ ಎನ್ನುತ್ತಿದ್ದೆವು. ಬಳ್ಳಾರಿ ಹತ್ತಿರದ ಸಂಗನಕಲ್ಲಿನ ಹಿರೇಗುಡ್ಡದಲ್ಲಿ ನವಶಿಲಾಯುಗದ ಜನರು ಕೊಡಲಿಗಳನ್ನು ಮಾಡಿದ್ದು ಡಾಲರೈಟಿನಿಂದಲೇ. ಅಲ್ಲಿನ ಒಂದು ಚಕ್ಕೆಯನ್ನೂ ಯಾರೂ ತರಬಾರದು. ನನ್ನ ಮಾದರಿಗಳೆಲ್ಲ ಕ್ವಾರಿಯವರು ಬಿಸಾಡಿದ ಚೂರುಗಳು.

ಪದರಶಿಲೆಯ, ಅಂದರೆ ಪದರು ಪದರಾಗಿ ತಳಗಟ್ಟಿ ಆದ ಶಿಲೆಯ, ಪಾಠವನ್ನು ತುಂಗಭದ್ರೆಯ ಮರಳಿನಿಂದ ಆರಂಭಿಸಿದೆ. 1922ರಲ್ಲಿ ಅಮೆರಿಕದ ಭೂವಿಜ್ಞಾನಿ ವೆಂಟ್‌ವರ್ತ್ ರೂಪಿಸಿದ ಅಳತೆಯಂತೆ 2 ಮಿಲಿಮೀಟರಿಗಿಂತ ದೊಡ್ಡದು ಜಲ್ಲಿ, ಅಲ್ಲಿಂದ ಒಂದು ಮಿಲಿಮೀಟರಿನ ಹದಿನಾರನೇ ಒಂದು ಭಾಗದವರೆಗೆ ಮರಳು, ಅದಕ್ಕಿಂತ ಸಣ್ಣದು ಹೂಳು ಮತ್ತು ಜೇಡಿ. ಹೊಳೆಯ ಮರಳನ್ನು ಒಣಗಿಸಿ ಜರಡಿ ಹಿಡಿದಾಗ ಕ್ವಾರ್ಟ್ಸ್ ಜೊತೆಗೆ ಫೆಲ್ಡ್‌ಸ್ಪಾರ್ ಕಣಗಳೂ ಕಂಡವು. ಫೆಲ್ಡ್‌ಸ್ಪಾರ್ ನೀರು ಗಾಳಿಗೆ ಕ್ರಮೇಣ ಜೇಡಿಯಾಗುತ್ತದೆ, ಕ್ವಾರ್ಟ್ಸ್ ಉಳಿಯುತ್ತದೆ. ಹೂತು, ಒತ್ತಡಕ್ಕೆ ಸಿಕ್ಕಿ, ಸಿಲಿಕಾ ಅಥವಾ ಸುಣ್ಣದಿಂದ ಬೆಸೆದುಕೊಂಡರೆ ಇಂಥ ಮರಳೇ ಮರಳುಗಲ್ಲು. ಅದರಲ್ಲಿ ಫೆಲ್ಡ್‌ಸ್ಪಾರ್ ಕಾಲುಭಾಗ ಮೀರಿದ್ದರೆ ಆರ್ಕೋಸ್. ಮರಳುಗಲ್ಲಿಗೆ ನಾವು ಬಾದಾಮಿ ಕಡೆಗೇ ನೋಡಬೇಕು. ಸುಣ್ಣದ ಕಲ್ಲಿಗಂತೂ ಮನೆಮನೆಯ ನೆಲಕ್ಕೆ ಹಾಕುವ ಶಹಾಬಾದ್ ಪರಸಿಯ ಚೂರು ಸಾಕಾಯಿತು: ಆಮ್ಲದ ಹನಿ ಬಿದ್ದೊಡನೆ ನೊರೆಯೆದ್ದಿತು.

ನನಗೆ ಅತ್ಯಂತ ಪ್ರಿಯವಾದುದು ಸಂಡೂರಿನ ಪಟ್ಟೆಪಟ್ಟೆಯ ಅದಿರುಕಲ್ಲು. ಆಮ್ಲಕ್ಕೆ ಇದು ನೊರೆಯುಕ್ಕಿಸುವುದಿಲ್ಲ. ಅದರ ಕಪ್ಪು ಪಟ್ಟಿಯನ್ನು ಟೈಲ್ಸಿನ ಮೇಲೆ ಉಜ್ಜಿದರೆ ಹೆಮಟೈಟ್ ಎಂಬ ಕಬ್ಬಿಣದ ಖನಿಜದ ಕೆಂಗಂದು ಗೆರೆ ಮೂಡುತ್ತದೆ. "ಸರ್, ಇದರಲ್ಲಿ ಮರಳಿನ ಕಣವೇ ಇಲ್ಲವಲ್ಲ, ಪದರಶಿಲೆ ಹೇಗಾಯಿತು?" ಎಂದು ಹುಡುಗಿಯೊಬ್ಬಳು ಕೇಳಿದಳು. ಪ್ರಾಚೀನ ಸಮುದ್ರದ ನೀರಿನಲ್ಲಿ ಕರಗಿದ್ದ ಕಬ್ಬಿಣ ಆಕ್ಸಿಡೀಕರಣಗೊಂಡು ತಳಕ್ಕಿಳಿದು, ಸಿಲಿಕಾದೊಂದಿಗೆ ಪದರು ಪದರಾಗಿ ಸಂಗ್ರಹವಾಯಿತು. ಕಣಗಳಿಂದಾಗುವ ಶಿಲೆಗಳಂತೆಯೇ ರಾಸಾಯನಿಕವಾಗಿ ತಳಗಟ್ಟಿದ ಶಿಲೆಗಳದೂ ಒಂದು ವರ್ಗ ಎಂದು ವಿವರಿಸಿದೆ. ಅನಂತರ ಶಾಖ ಮತ್ತು ಒತ್ತಡಕ್ಕೆ ಸಿಕ್ಕಿ ಅದು ಕೊಂಚ ರೂಪಾಂತರವನ್ನೂ ಹೊಂದಿದೆ. ಪಟ್ಟೆಯಿದ್ದ ಮಾತ್ರಕ್ಕೆ ಪದರಶಿಲೆಯೆನ್ನುವಂತಿಲ್ಲ, ರಾಯಚೂರು ಕಡೆಯ ನೈಸ್ ಶಿಲೆಯ ಪಟ್ಟೆಗಳು ರೂಪಾಂತರದಿಂದ ಬಂದವು. ಆದ್ದರಿಂದ ಪ್ರತಿ ಮಾದರಿಯ ಚೀಟಿಯಲ್ಲಿ ಸಿಕ್ಕ ಜಾಗ, ಕಣದ ಗಾತ್ರ, ಚಾಕು ಮತ್ತು ಆಮ್ಲದ ಪರೀಕ್ಷೆಯ ಫಲ ಇವನ್ನು ಮೊದಲು ಬರೆಸುತ್ತೇನೆ. ಶಿಲೆಯ ಹೆಸರಿಗೆ ಕೊನೆಯ ಸಾಲು.